ಘಟಕ ಪರೀಕ್ಷಾ ಚೌಕಟ್ಟು

ಘಟಕ ಪರೀಕ್ಷಾ ಚೌಕಟ್ಟು ಎಂಬುದು ಒಂದು ತಂತ್ರಾಂಶದ ಅತಿ ಚಿಕ್ಕ ಭಾಗಗಳನ್ನು ಒಂದೊಂದಾಗಿ ಬೇರ್ಪಡಿಸಿ, ಅವು ನಿರೀಕ್ಷಿತ ಫಲಿತಾಂಶವನ್ನು ಕೊಡುತ್ತವೆಯೇ ಎಂದು ತಾನಾಗಿಯೇ ಪರಿಶೀಲಿಸಲು ನೆರವಾಗುವ ಸಿದ್ಧ ಸಾಧನ. ಇಂಗ್ಲಿಷಿನಲ್ಲಿ ಇದನ್ನು ಯೂನಿಟ್ ಟೆಸ್ಟಿಂಗ್ ಫ್ರೇಮ್‌ವರ್ಕ್ ಎನ್ನುತ್ತಾರೆ. ವಸ್ತುಕೇಂದ್ರಿತ ತಂತ್ರಾಂಶ ರಚನೆಯಲ್ಲಿ, ಅಂದರೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಪದ್ಧತಿಯಲ್ಲಿ, ಸಾಮಾನ್ಯವಾಗಿ ಒಂದು ಕ್ಲಾಸ್ ಅಥವಾ ಅದರ ಒಂದು ಮೆಥಡ್ ಅನ್ನು ಘಟಕವೆಂದು ಪರಿಗಣಿಸಲಾಗುತ್ತದೆ. ಜಾವಾ ಭಾಷೆಯ ಜೆಯುನಿಟ್, ಡಾಟ್‌ನೆಟ್ ವೇದಿಕೆಯ ಎನ್‌ಯುನಿಟ್, ಪೈಥಾನ್‌ನ ಯುನಿಟ್‌ಟೆಸ್ಟ್ ಮತ್ತು ಪೈಟೆಸ್ಟ್, ಪಿಎಚ್‌ಪಿ ಭಾಷೆಯ ಪಿಎಚ್‌ಪಿಯುನಿಟ್ ಇವು ಪ್ರಸಿದ್ಧ ಚೌಕಟ್ಟುಗಳು.

ಕರ್ನಾಟಕದ ಶಾಲೆಗಳಲ್ಲಿ ‘ಘಟಕ ಪರೀಕ್ಷೆ’ ಎಂಬ ಮಾತು ಹಿಂದಿನಿಂದಲೂ ಬಳಕೆಯಲ್ಲಿದೆ. ಒಂದು ಪಾಠ ಮುಗಿದೊಡನೆ ಆ ಪಾಠದ ಮೇಲಷ್ಟೇ ನಡೆಸುವ ಕಿರು ಪರೀಕ್ಷೆಗೆ ಆ ಹೆಸರು. ವಾರ್ಷಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಯು ತಪ್ಪಿದರೆ ಎಲ್ಲಿ ತಪ್ಪಿದನೆಂದು ಹುಡುಕುವುದು ಕಷ್ಟ. ಘಟಕ ಪರೀಕ್ಷೆಯಲ್ಲಿ ತಪ್ಪಿದರೆ ಯಾವ ಪಾಠ ಅರ್ಥವಾಗಿಲ್ಲ ಎಂಬುದು ಆಗಲೇ ತಿಳಿಯುತ್ತದೆ. ತಂತ್ರಾಂಶ ಕ್ಷೇತ್ರದ ಘಟಕ ಪರೀಕ್ಷೆಯ ಉದ್ದೇಶವೂ ಇದೇ ಆಗಿರುವುದರಿಂದ ಈ ಅನುವಾದ ಸಮರ್ಪಕವಾಗಿದೆ. ಒಂದು ವ್ಯತ್ಯಾಸ ಮಾತ್ರ ಇದೆ: ತಂತ್ರಾಂಶದ ಪರೀಕ್ಷೆಯನ್ನು ದಿನಕ್ಕೆ ನೂರು ಸಲ ಬೇಕಾದರೂ ನಡೆಸಬಹುದು.

ಇತಿಹಾಸ

ಈ ಬಗೆಯ ಚೌಕಟ್ಟುಗಳ ಮೂಲ ಸ್ಮಾಲ್‌ಟಾಕ್ ಭಾಷೆಯಲ್ಲಿದೆ. ಅಮೆರಿಕದ ತಂತ್ರಾಂಶ ತಜ್ಞ ಕೆಂಟ್ ಬೆಕ್ 1994ರಲ್ಲಿ ಸ್ಮಾಲ್‌ಟಾಕ್ ಕಾರ್ಯಕ್ರಮಗಳನ್ನು ಪರೀಕ್ಷಿಸುವ ಸರಳ ವಿಧಾನವನ್ನು ಲೇಖನವೊಂದರಲ್ಲಿ ವಿವರಿಸಿದರು. ಅದರಿಂದ ಬೆಳೆದ ಚೌಕಟ್ಟಿಗೆ ಎಸ್‌ಯುನಿಟ್ ಎಂಬ ಹೆಸರು ಬಂದಿತು. 1997ರಲ್ಲಿ ಅಟ್ಲಾಂಟಾದಲ್ಲಿ ನಡೆದ ಸಮ್ಮೇಳನಕ್ಕೆ ಜೂರಿಕ್‌ನಿಂದ ವಿಮಾನದಲ್ಲಿ ಹೊರಟಾಗ ಬೆಕ್ ಮತ್ತು ಎರಿಕ್ ಗಾಮಾ ಇಬ್ಬರೂ ಕೂಡಿ ಜಾವಾ ಭಾಷೆಗಾಗಿ ಜೆಯುನಿಟ್‌ನ ಮೊದಲ ರೂಪವನ್ನು ಬರೆದರು. ಇತರ ಭಾಷೆಗಳವರು ಅದೇ ಮಾದರಿಯನ್ನು ಅನುಸರಿಸಿದ್ದರಿಂದ ಈ ಇಡೀ ಕುಟುಂಬಕ್ಕೆ ‘ಎಕ್ಸ್‌ಯುನಿಟ್’ ಎಂಬ ಸಾಮಾನ್ಯ ಹೆಸರಿದೆ. ಪೈಥಾನ್ ಭಾಷೆಯ ಪ್ರಮಾಣಿತ ಗ್ರಂಥಾಲಯಕ್ಕೆ ಯುನಿಟ್‌ಟೆಸ್ಟ್ 2001ರಲ್ಲಿ ಸೇರಿತು. ಜೆಯುನಿಟ್‌ನ ನಾಲ್ಕನೆಯ ಆವೃತ್ತಿ 2006ರಲ್ಲೂ ಐದನೆಯದು 2017ರಲ್ಲೂ ಹೊರಬಂದವು.

ರಚನೆ

ಚೌಕಟ್ಟಿನ ಕೆಲಸ ಮೂರು ಬಗೆಯದು: ಬರೆದಿಟ್ಟ ಪರೀಕ್ಷೆಗಳನ್ನು ಹುಡುಕಿ ತೆಗೆಯುವುದು, ಒಂದಾದ ಮೇಲೊಂದರಂತೆ ನಡೆಸುವುದು, ಫಲಿತಾಂಶವನ್ನು ವರದಿ ಮಾಡುವುದು. ಪರೀಕ್ಷೆಯನ್ನು ಬರೆಯುವವರು ಮುಖ್ಯವಾಗಿ ಬರೆಯಬೇಕಾದುದು ಪ್ರತಿಪಾದನೆ, ಅಂದರೆ ಅಸರ್ಷನ್. ‘ಇಂಥ ಮೆಥಡ್‌ಗೆ ಇಂಥ ಮೌಲ್ಯ ಕೊಟ್ಟರೆ ಇಂಥ ಉತ್ತರ ಬರತಕ್ಕದ್ದು’ ಎಂಬ ಹೇಳಿಕೆಯೇ ಪ್ರತಿಪಾದನೆ. ಉತ್ತರ ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು ಪಟ್ಟಿ ತೋರಿಸುವುದು ಈ ಚೌಕಟ್ಟುಗಳ ರೂಢಿ. ಉತ್ತರ ತಪ್ಪಾಗಿರುವುದನ್ನೂ, ಉತ್ತರ ಬರುವ ಮುನ್ನವೇ ಕಾರ್ಯಕ್ರಮ ಮುರಿದುಬೀಳುವುದನ್ನೂ ಜೆಯುನಿಟ್‌ನ ಹಳೆಯ ಆವೃತ್ತಿಗಳು ಬೇರೆ ಬೇರೆಯಾಗಿ ದಾಖಲಿಸುತ್ತಿದ್ದವು. ಮೊದಲನೆಯದು ವೈಫಲ್ಯ, ಎರಡನೆಯದು ದೋಷ.

ಪ್ರತಿ ಪರೀಕ್ಷೆಗೂ ಮೊದಲು ಬೇಕಾದ ಆಬ್ಜೆಕ್ಟ್‌ಗಳನ್ನು ಸಿದ್ಧಪಡಿಸುವ, ಮುಗಿದ ಮೇಲೆ ತೆರವುಗೊಳಿಸುವ ವ್ಯವಸ್ಥೆಯೂ ಚೌಕಟ್ಟಿನಲ್ಲಿರುತ್ತದೆ. ಒಂದು ಪರೀಕ್ಷೆಯ ಎಂಜಲು ಇನ್ನೊಂದಕ್ಕೆ ತಗಲಬಾರದು ಎಂಬುದು ಇಲ್ಲಿನ ಮುಖ್ಯ ನಿಯಮ. ಈ ಕಾರಣಕ್ಕೆ ಜೆಯುನಿಟ್ ಪ್ರತಿಯೊಂದು ಪರೀಕ್ಷಾ ಮೆಥಡ್‌ಗೂ ಪರೀಕ್ಷಾ ಕ್ಲಾಸ್‌ನ ಹೊಸದೊಂದು ಆಬ್ಜೆಕ್ಟ್ ಅನ್ನು ಸೃಷ್ಟಿಸುತ್ತದೆ. ಎನ್‌ಯುನಿಟ್ ಹಾಗಲ್ಲ, ಬೇರೆ ಸೂಚನೆ ಇಲ್ಲದಿದ್ದರೆ ಒಂದೇ ಆಬ್ಜೆಕ್ಟ್ ಅನ್ನು ಎಲ್ಲ ಪರೀಕ್ಷೆಗಳಿಗೂ ಬಳಸುತ್ತದೆ. ಒಂದು ಚೌಕಟ್ಟಿನಿಂದ ಮತ್ತೊಂದಕ್ಕೆ ಹೋಗುವವರು ಗಮನಿಸಬೇಕಾದ ವಿಷಯವಿದು.

ಎಕರೆ–ಗುಂಟೆಯ ಉದಾಹರಣೆ

ಪಠ್ಯಪುಸ್ತಕಗಳಲ್ಲಿ ಡಾಲರ್ ಮತ್ತು ಫ್ರಾಂಕ್ ಹಣದ ಕ್ಲಾಸ್ ಅನ್ನು ಉದಾಹರಣೆಯಾಗಿ ಕೊಡುವುದು ವಾಡಿಕೆ. ಕರ್ನಾಟಕದ ಓದುಗರಿಗೆ ಪಹಣಿಯ ವಿಸ್ತೀರ್ಣದ ಲೆಕ್ಕ ಹೆಚ್ಚು ಪರಿಚಿತ. ರಾಜ್ಯದ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಗಣಕೀಕರಣಗೊಂಡಿದ್ದು, ಸಾಲಕ್ಕೂ ಮಾರಾಟಕ್ಕೂ ಪಾಲು ವಿಭಾಗಕ್ಕೂ ಈ ದಾಖಲೆಯೇ ಆಧಾರ. ಹೀಗಾಗಿ ಇಂಥ ಲೆಕ್ಕದಲ್ಲಿ ಒಂದು ಗುಂಟೆಯ ತಪ್ಪೂ ಸಣ್ಣದಲ್ಲ.

16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಒಂದು ಎಕರೆ 25 ಗುಂಟೆಯನ್ನು ರೂಢಿಯಲ್ಲಿ 1.25 ಎಂದು ಬರೆಯುವುದುಂಟು. ಈ ಚುಕ್ಕೆ ದಶಮಾಂಶ ಚಿಹ್ನೆಯಲ್ಲ, ಕೇವಲ ವಿಭಜಕ. ಆದರೆ ಪ್ರೋಗ್ರಾಂ ಬರೆಯುವವರು ಇದನ್ನು ದಶಮಾಂಶ ಸಂಖ್ಯೆಯೆಂದು ಭಾವಿಸಿ 0.20ನ್ನು ಕೂಡಿಸಿದರೆ 1.45 ಬರುತ್ತದೆ. ಗುಂಟೆ 39ನ್ನು ಮೀರುವಂತಿಲ್ಲವಾದ್ದರಿಂದ ಇದು ಅಸಂಬದ್ಧ ಉತ್ತರ. ಅದನ್ನು ದಶಮಾಂಶ ಎಕರೆಯೆಂದೇ ಓದಿದರೆ 58 ಗುಂಟೆಯಾಗುತ್ತದೆ. ನಿಜವಾದ ಮೊತ್ತ 85 ಗುಂಟೆ, ಅಂದರೆ 2 ಎಕರೆ 5 ಗುಂಟೆ. ಕಾಗದದ ಮೇಲೆ 27 ಗುಂಟೆ ಕಾಣೆಯಾದಂತಾಯಿತು. ಭದ್ರಾ ಅಚ್ಚುಕಟ್ಟಿನ ಅಡಿಕೆ ತೋಟವಾದರೆ ಅಷ್ಟು ನೆಲ ಒಂದು ಕುಟುಂಬದ ಜೀವನೋಪಾಯಕ್ಕೆ ಸಂಬಂಧಿಸಿದ ವಿಷಯ.

ಇದನ್ನು ತಡೆಯಲು ವಿಸ್ತೀರ್ಣ ಎಂಬ ಕ್ಲಾಸ್ ಒಂದನ್ನು ರಚಿಸಿ, ಒಳಗೆ ಎಲ್ಲವನ್ನೂ ಆಣೆಗಳ ಪೂರ್ಣಸಂಖ್ಯೆಯಾಗಿ ಇಟ್ಟುಕೊಂಡು, ಹೊರಗೆ ಎಕರೆ–ಗುಂಟೆ–ಆಣೆಯಾಗಿ ತೋರಿಸುವುದು ಸರಿಯಾದ ಕ್ರಮ. ಅದರ ಮೊದಲ ಪರೀಕ್ಷೆಯ ಸಾರ ಹೀಗಿರುತ್ತದೆ:

ಪರೀಕ್ಷೆ: ಗುಂಟೆ_ನಲವತ್ತಾದರೆ_ಎಕರೆಯಾಗಬೇಕು
ಅ = ವಿಸ್ತೀರ್ಣ(1 ಎಕರೆ, 25 ಗುಂಟೆ)
ಆ = ವಿಸ್ತೀರ್ಣ(0 ಎಕರೆ, 20 ಗುಂಟೆ)
ನಿರೀಕ್ಷೆ: ವಿಸ್ತೀರ್ಣ(2 ಎಕರೆ, 5 ಗುಂಟೆ) = ಅ.ಕೂಡು(ಆ)

ಇದರ ಜೊತೆಗೆ ಅಂಚಿನ ಸಂದರ್ಭಗಳನ್ನು ಸೇರಿಸಬೇಕು. 39 ಗುಂಟೆಗೆ ಒಂದು ಗುಂಟೆ ಸೇರಿದರೆ 1 ಎಕರೆ 0 ಗುಂಟೆ ಬರಬೇಕು. 2 ಎಕರೆ 5 ಗುಂಟೆಯಲ್ಲಿ 10 ಗುಂಟೆ ಖರಾಬು ಕಳೆದರೆ 1 ಎಕರೆ 35 ಗುಂಟೆ ಉಳಿಯಬೇಕು. ಇರುವ ಜಮೀನಿಗಿಂತ ಖರಾಬು ಹೆಚ್ಚೆಂದು ಕೊಟ್ಟರೆ ಋಣ ವಿಸ್ತೀರ್ಣ ಬರೆಯದೆ ಪ್ರೋಗ್ರಾಂ ಅದನ್ನು ನಿರಾಕರಿಸಬೇಕು. ನಿರಾಕರಿಸುತ್ತದೆಯೇ ಎಂಬುದನ್ನೂ ಪರೀಕ್ಷಿಸುವ ಅನುಕೂಲ ಚೌಕಟ್ಟುಗಳಲ್ಲಿದೆ. ಸರಿಯಾದ ಮಾಹಿತಿಗೆ ಸರಿಯಾದ ಉತ್ತರ ಬರುವುದನ್ನಷ್ಟೇ ನೋಡಿ ಸುಮ್ಮನಾಗುವುದು ಹೊಸಬರಲ್ಲಿ ಸಾಮಾನ್ಯವಾಗಿ ಕಾಣುವ ಕೊರತೆ.

ಎಲ್ಲಕ್ಕಿಂತ ಸ್ವಾರಸ್ಯವಾದುದು ಪಾಲಿನ ಪರೀಕ್ಷೆ. 2 ಎಕರೆ 5 ಗುಂಟೆ ಜಮೀನನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳುವುದಾದರೆ ಒಟ್ಟು 1360 ಆಣೆಯನ್ನು ಮೂರರಿಂದ ಭಾಗಿಸಬೇಕು. ಭಾಗಲಬ್ಧ 453, ಶೇಷ 1. ತಲಾ 453 ಆಣೆಯೆಂದರೆ 28 ಗುಂಟೆ 5 ಆಣೆ. ಹಾಗೆ ಬರೆದು ಬಿಟ್ಟರೆ ಒಂದು ಆಣೆ ಯಾರ ಹೆಸರಿನಲ್ಲಿಯೂ ಇಲ್ಲದಂತಾಗುತ್ತದೆ. ಇಲ್ಲಿ ಪರೀಕ್ಷೆ ಹೇಳಬೇಕಾದುದು ‘ಪ್ರತಿ ಪಾಲೂ ಇಷ್ಟು’ ಎಂದಲ್ಲ, ‘ಪಾಲುಗಳ ಮೊತ್ತ ಮೂಲಕ್ಕೆ ಸಮ’ ಎಂದು. ಉಳಿದ ಒಂದು ಆಣೆ ಯಾರಿಗೆ ಎಂಬುದು ಗಣಕಯಂತ್ರ ತೀರ್ಮಾನಿಸುವ ವಿಷಯವಲ್ಲ. ಪರೀಕ್ಷೆಯನ್ನು ಬರೆಯುವಾಗಲೇ ಆ ಪ್ರಶ್ನೆ ಎದ್ದುಬಂದು, ಬಲ್ಲವರನ್ನು ಕೇಳುವ ಸಂದರ್ಭ ಒದಗುವುದು ಈ ಪದ್ಧತಿಯ ಒಂದು ದೊಡ್ಡ ಲಾಭ.

ವಸ್ತುಕೇಂದ್ರಿತ ರಚನೆಯೊಂದಿಗಿನ ಸಂಬಂಧ

ಒಂದು ಆಬ್ಜೆಕ್ಟ್ ತನ್ನ ಒಳಗಿನ ಮಾಹಿತಿಯನ್ನು ಮರೆಮಾಡಿ, ಮೆಥಡ್‌ಗಳ ಮೂಲಕವಷ್ಟೇ ಹೊರಜಗತ್ತಿನೊಡನೆ ವ್ಯವಹರಿಸುತ್ತದೆ. ಪರೀಕ್ಷೆಯೂ ಆ ಬಾಗಿಲಿನಿಂದಲೇ ಬರಬೇಕು. ವಿಸ್ತೀರ್ಣ ಕ್ಲಾಸ್‌ನ ಒಳಗೆ ಆಣೆಯ ಲೆಕ್ಕವಿದೆಯೋ ಗುಂಟೆಯ ಲೆಕ್ಕವಿದೆಯೋ ಎಂದು ಪರೀಕ್ಷೆ ಇಣುಕಿ ನೋಡಿದರೆ, ಮುಂದೆ ಒಳರಚನೆಯನ್ನು ಬದಲಿಸಿದಾಗ ಉತ್ತರ ಸರಿಯಿದ್ದರೂ ಪರೀಕ್ಷೆ ಮುರಿಯುತ್ತದೆ. ಹೊರಗಿನ ನಡವಳಿಕೆಯನ್ನು ಕೆಡಿಸದೆ ಒಳರಚನೆಯನ್ನು ತಿದ್ದುವ ಕೆಲಸಕ್ಕೆ ರಿಫ್ಯಾಕ್ಟರಿಂಗ್ ಎಂದು ಹೆಸರು. ನಡವಳಿಕೆ ಕೆಟ್ಟಿಲ್ಲವೆಂದು ಹೇಳಬಲ್ಲ ಪರೀಕ್ಷೆಗಳಿಲ್ಲದಿದ್ದರೆ ಅದು ಧೈರ್ಯದ ಮೇಲೆ ನಡೆಯುವ ಕೆಲಸವಾಗುತ್ತದೆ.

ಆನುವಂಶಿಕತೆ ಇರುವಲ್ಲಿ ಇನ್ನೊಂದು ಅಂಶವಿದೆ. ಜಮೀನು ಎಂಬ ಮೂಲ ಕ್ಲಾಸ್‌ನಿಂದ ಖುಷ್ಕಿ, ತರಿ, ಬಾಗಾಯ್ತು ಎಂಬ ಮೂರು ಉಪಕ್ಲಾಸ್‌ಗಳು ಹುಟ್ಟಿವೆ ಎಂದಿಟ್ಟುಕೊಂಡರೆ, ಜಮೀನಿಗೆ ಅನ್ವಯಿಸುವ ಎಲ್ಲ ಪರೀಕ್ಷೆಗಳಲ್ಲೂ ಈ ಮೂರೂ ತೇರ್ಗಡೆಯಾಗಬೇಕು. ಬಾಗಾಯ್ತು ಜಮೀನಿಗೆ ಮಾತ್ರ ‘ಪಾಲು ಮಾಡು’ ಎಂಬ ಮೆಥಡ್ ಬೇರೆ ರೀತಿ ವರ್ತಿಸಿ ಮೊತ್ತ ತಪ್ಪಿದರೆ ಅದು ಜಮೀನಿನ ಒಂದು ಬಗೆಯೆಂದು ಹೇಳಿಕೊಳ್ಳುವ ಅರ್ಹತೆ ಕಳೆದುಕೊಳ್ಳುತ್ತದೆ. ಮೂಲ ಕ್ಲಾಸ್‌ನ ಪರೀಕ್ಷೆಗಳನ್ನು ಒಮ್ಮೆ ಬರೆದು ಪ್ರತಿ ಉಪಕ್ಲಾಸ್‌ನ ಮೇಲೂ ನಡೆಸುವಂತೆ ಚೌಕಟ್ಟಿನಲ್ಲಿ ಏರ್ಪಾಡು ಮಾಡಬಹುದು.

ಒಂದು ಆಬ್ಜೆಕ್ಟ್ ಇನ್ನೊಂದನ್ನು ಅವಲಂಬಿಸಿರುವಾಗ ಪ್ರತ್ಯೇಕವಾಗಿ ಪರೀಕ್ಷಿಸುವುದು ಕಷ್ಟ. ಪಹಣಿಯ ಆಬ್ಜೆಕ್ಟ್ ದತ್ತಸಂಚಯದಿಂದ ಮಾಹಿತಿ ತರುತ್ತದೆ. ಪರೀಕ್ಷೆಗಾಗಿ ನಿಜವಾದ ದಾಖಲೆಗಳನ್ನು ಮುಟ್ಟುವುದು ಅಪಾಯ. ಆಗ ಅದೇ ಮೆಥಡ್‌ಗಳಿರುವ, ಮೊದಲೇ ನಿಗದಿಪಡಿಸಿದ ಉತ್ತರ ಕೊಡುವ ಹುಸಿ ಆಬ್ಜೆಕ್ಟ್ ಒಂದನ್ನು ಅಲ್ಲಿ ಕೂರಿಸಲಾಗುತ್ತದೆ. ಇಂದಿನ ದಿನಾಂಕದಂಥ ಬದಲಾಗುವ ವಿಷಯಗಳನ್ನೂ ಹೀಗೆಯೇ ಸ್ಥಿರಪಡಿಸಬೇಕು. ಇಲ್ಲದಿದ್ದರೆ ಮಾರ್ಚ್ ತಿಂಗಳಲ್ಲಿ ತೇರ್ಗಡೆಯಾದ ಪರೀಕ್ಷೆ ಏಪ್ರಿಲ್‌ನಲ್ಲಿ ಆರ್ಥಿಕ ವರ್ಷ ಬದಲಾದ ಕೂಡಲೇ ಮುರಿಯಬಹುದು.

ಕನ್ನಡ ಪಠ್ಯದ ಪರೀಕ್ಷೆ

ಕನ್ನಡದಲ್ಲಿ ಕೆಲಸ ಮಾಡುವ ತಂತ್ರಾಂಶಗಳಿಗೆ ಘಟಕ ಪರೀಕ್ಷೆ ವಿಶೇಷವಾಗಿ ಅಗತ್ಯ. ಇಂಗ್ಲಿಷ್ ಪಠ್ಯವನ್ನು ಮಾತ್ರ ಗಮನದಲ್ಲಿಟ್ಟು ಬರೆದ ಕೋಡ್ ಕನ್ನಡಕ್ಕೆ ಬಂದಾಗ ಸದ್ದಿಲ್ಲದೆ ತಪ್ಪುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಎಂಬ ಊರಿನ ಹೆಸರನ್ನೇ ತೆಗೆದುಕೊಳ್ಳಬಹುದು. ಇದರಲ್ಲಿ ಎಷ್ಟು ಅಕ್ಷರಗಳಿವೆ ಎಂದು ಕೇಳಿದರೆ ಪ್ರಾಥಮಿಕ ಶಾಲೆಯ ಮಗು ಕ, ತ್ತ, ಲ, ಗೆ, ರೆ ಎಂದು ಎಣಿಸಿ ಐದು ಎನ್ನುತ್ತದೆ. ಗಣಕಯಂತ್ರದ ಉತ್ತರ ಕೇಳುವ ರೀತಿಯನ್ನು ಅವಲಂಬಿಸಿದೆ. ಯುಟಿಎಫ್-8 ರೂಪದಲ್ಲಿ ಈ ಹೆಸರು 27 ಬೈಟ್‌ಗಳಷ್ಟಿದೆ. ಯೂನಿಕೋಡ್ ಸಂಕೇತಗಳನ್ನು ಎಣಿಸಿದರೆ 9, ಏಕೆಂದರೆ ಒತ್ತಕ್ಷರದ ವಿರಾಮಚಿಹ್ನೆಯೂ ಎರಡು ಎತ್ವಗಳೂ ಪ್ರತ್ಯೇಕ ಸಂಕೇತಗಳು. ಅಕ್ಷರಗುಚ್ಛಗಳನ್ನು ಎಣಿಸುವ ಹಲವು ಗ್ರಂಥಾಲಯಗಳು ‘ತ್’ ಮತ್ತು ‘ತ’ವನ್ನು ಬೇರೆ ಮಾಡಿ 6 ಎನ್ನುತ್ತವೆ. ಅರ್ಜಿ ನಮೂನೆಯೊಂದರಲ್ಲಿ ಹೆಸರಿಗೆ ಇಪ್ಪತ್ತು ಅಕ್ಷರಗಳ ಮಿತಿ ಹಾಕಿದಾಗ ಆ ಇಪ್ಪತ್ತು ಯಾವ ಲೆಕ್ಕದ್ದು ಎಂಬುದನ್ನು ಪರೀಕ್ಷೆ ಸ್ಪಷ್ಟಪಡಿಸಬೇಕು. ಬೈಟ್‌ಗಳ ಲೆಕ್ಕದಲ್ಲಿ ಕತ್ತರಿಸಿದರೆ ‘ಕತ್ತಲಗೆರೆ’ಯು ‘ಗ’ಕಾರಕ್ಕೆ ಬರುವ ಹೊತ್ತಿಗೆ ನಿಂತುಹೋಗುತ್ತದೆ. ಅದಕ್ಕಿಂತ ಕೆಟ್ಟದೆಂದರೆ, ಒಂದು ಸಂಕೇತದ ಮೂರು ಬೈಟ್‌ಗಳ ನಡುವೆ ಕತ್ತರಿ ಬಿದ್ದು ಕೊನೆಯ ಅಕ್ಷರವೇ ಹಾಳಾಗುತ್ತದೆ.

ನೆರೆಯ ಹೊನ್ನಾಳಿಯ ಹೆಸರು ಇನ್ನೊಂದು ತೊಡಕನ್ನು ತೋರಿಸುತ್ತದೆ. ‘ಹೊ’ದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಮೊದಲ ರೂಪದಲ್ಲಿ ಹೊನ್ನಾಳಿ 8 ಸಂಕೇತ, ಎರಡನೆಯದರಲ್ಲಿ 9. ಕೋಡ್ ಇವೆರಡನ್ನು ನೇರವಾಗಿ ಹೋಲಿಸಿದರೆ ಸಮವಲ್ಲವೆನ್ನುತ್ತದೆ; ಹುಡುಕಿದವರಿಗೆ ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಸಿಗುತ್ತದೆ. ಹೋಲಿಕೆಗೆ ಮುನ್ನ ಎರಡನ್ನೂ ಒಂದೇ ಪ್ರಮಾಣ ರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಪರೀಕ್ಷೆಯನ್ನು ಬರೆಯುವಾಗ ಪದವನ್ನು ನೇರವಾಗಿ ಟೈಪಿಸದೆ ಸಂಕೇತಗಳ ಸಂಖ್ಯೆಗಳನ್ನೇ ಬರೆಯುವುದು ಕ್ಷೇಮ. ಕಣ್ಣಿಗೆ ವ್ಯತ್ಯಾಸ ಕಾಣದ ಎರಡು ಪದಗಳನ್ನು ಮುಂದೆ ಬರುವವರು ‘ಪುನರುಕ್ತಿ’ ಎಂದು ಭಾವಿಸಿ ಅಳಿಸಿಬಿಡುವ ಸಾಧ್ಯತೆ ಇದೆ.

ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟ್ ಆಧಾರಿತ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಲ್ಲಿ ಅರ್ಕಾವೊತ್ತು ತೊಂದರೆ ಕೊಡುತ್ತದೆ. ‘ಕರ್ನಾಟಕ’ ಎಂಬಲ್ಲಿ ಹಳೆಯ ಕಡತವು ಕಣ್ಣಿಗೆ ಕಾಣುವ ಕ್ರಮದಲ್ಲಿ ಅರ್ಕಾವೊತ್ತನ್ನು ‘ನಾ’ದ ನಂತರ ಇಟ್ಟಿರುತ್ತದೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ರೇಫವನ್ನು ಮೊದಲು ಬಯಸುತ್ತದೆ. ಹಳೆಯ ರೂಪ ಮತ್ತು ನಿರೀಕ್ಷಿತ ಹೊಸ ರೂಪಗಳ ಜೋಡಿಗಳ ಪಟ್ಟಿಯೇ ಇಂಥಲ್ಲಿ ಅತ್ಯುತ್ತಮ ಪರೀಕ್ಷೆ. ತಂತ್ರಜ್ಞಾನ ಬಾರದ, ಆದರೆ ಕನ್ನಡ ಚೆನ್ನಾಗಿ ಬಲ್ಲವರೂ ಆ ಪಟ್ಟಿಗೆ ಪದಗಳನ್ನು ಸೇರಿಸಬಹುದು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಪರೀಕ್ಷೆಗಳು ಪಿಎಚ್‌ಪಿಯುನಿಟ್‌ನಲ್ಲಿವೆ. ಭಾರತೀಯ ಭಾಷೆಗಳ ಟೈಪಿಂಗ್‌ಗೆ ಬಳಕೆಯಾಗುವ ಜೆಕ್ವೆರಿ ಐಎಂಇ ಗ್ರಂಥಾಲಯದ ಪರೀಕ್ಷೆಗಳೂ ಇಂಥ ಕೀಲಿಗಳನ್ನು ಒತ್ತಿದರೆ ಇಂಥ ಅಕ್ಷರ ಮೂಡಬೇಕೆಂಬ ಜೋಡಿಗಳ ರೂಪದಲ್ಲಿವೆ. ಜಾವಾ ಮತ್ತು ಪೈಥಾನ್ 3 ಭಾಷೆಗಳಲ್ಲಿ ಪರೀಕ್ಷಾ ಮೆಥಡ್‌ನ ಹೆಸರನ್ನೇ ಕನ್ನಡದಲ್ಲಿ ಬರೆಯಲು ಅವಕಾಶವಿದೆ, ಬಳಸುವವರು ವಿರಳ.

ಮೊದಲು ಪರೀಕ್ಷೆ, ಆಮೇಲೆ ಕೋಡ್

ಕೆಂಟ್ ಬೆಕ್ ತಮ್ಮ 2002ರ ಪುಸ್ತಕದಲ್ಲಿ ಪರೀಕ್ಷಾ ಪ್ರೇರಿತ ಅಭಿವೃದ್ಧಿ ಎಂಬ ಕ್ರಮವನ್ನು ಪ್ರಚುರಪಡಿಸಿದರು. ಇದರಂತೆ ಮೊದಲು ವಿಫಲವಾಗುವ ಪರೀಕ್ಷೆಯನ್ನು ಬರೆದು, ಅದು ತೇರ್ಗಡೆಯಾಗಲು ಸಾಕಾಗುವಷ್ಟೇ ಕೋಡ್ ಬರೆದು, ಬಳಿಕ ಅದನ್ನು ಓರಣಗೊಳಿಸಬೇಕು. ಪರೀಕ್ಷೆ ಒಮ್ಮೆಯಾದರೂ ಕೆಂಪಾಗುವುದನ್ನು ನೋಡಿರಬೇಕೆಂಬುದು ಇಲ್ಲಿನ ವಿವೇಕ. ಎಂದೂ ವಿಫಲವಾಗದ ಪರೀಕ್ಷೆ ಏನನ್ನೂ ಪರೀಕ್ಷಿಸುತ್ತಿಲ್ಲದಿರಬಹುದು. ಈ ಕ್ರಮವನ್ನು ಎಲ್ಲರೂ ಒಪ್ಪಿಲ್ಲ. 2014ರಲ್ಲಿ ರೂಬಿ ಆನ್ ರೈಲ್ಸ್ ನಿರ್ಮಾತೃ ಡೇವಿಡ್ ಹೈನೆಮೈಯರ್ ಹಾನ್ಸನ್ ಇದರಿಂದ ತಂತ್ರಾಂಶದ ವಿನ್ಯಾಸವೇ ಕೆಡುತ್ತದೆಂದು ವಾದಿಸಿದರು. ಆ ಬಗ್ಗೆ ಬೆಕ್ ಮತ್ತು ಮಾರ್ಟಿನ್ ಫೌಲರ್ ಅವರೊಡನೆ ದೀರ್ಘ ಚರ್ಚೆ ನಡೆಯಿತು. ಚೌಕಟ್ಟುಗಳ ಬಳಕೆಗೂ ಈ ವಿವಾದಕ್ಕೂ ನೇರ ಸಂಬಂಧವಿಲ್ಲ. ಕೋಡ್ ಬರೆದ ನಂತರ ಪರೀಕ್ಷೆ ಬರೆಯುವವರೂ ಅವೇ ಚೌಕಟ್ಟುಗಳನ್ನು ಬಳಸುತ್ತಾರೆ.

ಮಿತಿಗಳು

ಪರೀಕ್ಷೆಯು ದೋಷವಿದೆಯೆಂದು ತೋರಿಸಬಲ್ಲುದೇ ಹೊರತು ದೋಷವೇ ಇಲ್ಲವೆಂದು ಸಾಧಿಸಲಾರದು ಎಂಬುದನ್ನು ಗಣಕ ವಿಜ್ಞಾನಿ ಡೈಕ್‌ಸ್ಟ್ರಾ ಬಹಳ ಹಿಂದೆಯೇ ಎತ್ತಿ ತೋರಿಸಿದ್ದರು. ಕೋಡ್‌ನ ಎಲ್ಲ ಸಾಲುಗಳನ್ನೂ ಪರೀಕ್ಷೆಗಳು ಹಾದುಹೋಗಿವೆ ಎಂಬ ಶೇಕಡಾವಾರು ಲೆಕ್ಕ ಸಮಾಧಾನ ಕೊಡುತ್ತದೆ, ಭರವಸೆ ಕೊಡುವುದಿಲ್ಲ. ಯಾವ ಪ್ರತಿಪಾದನೆಯೂ ಇಲ್ಲದ ಪರೀಕ್ಷೆಯಿಂದಲೂ ನೂರಕ್ಕೆ ನೂರು ಗಳಿಸಬಹುದು.

ಘಟಕಗಳು ಪ್ರತ್ಯೇಕವಾಗಿ ಸರಿಯಿದ್ದು ಕೂಡಿದಾಗ ತಪ್ಪುವುದೂ ಉಂಟು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಉಡಾವಣೆಯಾದ ಒಂದು ನಿಮಿಷದೊಳಗೆ ನಾಶವಾಯಿತು. ಏರಿಯಾನ್ 4ರಲ್ಲಿ ಸಮರ್ಪಕವಾಗಿ ಕೆಲಸ ಮಾಡಿದ್ದ ಕೋಡ್ ಅನ್ನು ಹೊಸ ರಾಕೆಟ್‌ನಲ್ಲಿ ಬಳಸಲಾಗಿತ್ತು. ಹೊಸದರ ವೇಗ ಹೆಚ್ಚಾದ್ದರಿಂದ 64 ಬಿಟ್‌ನ ಸಂಖ್ಯೆಯೊಂದು 16 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸಲಿಲ್ಲ. ಹಳೆಯ ಪರಿಸ್ಥಿತಿಗೆಂದು ಆರಿಸಿದ ಮೌಲ್ಯಗಳಿಂದ ಎಷ್ಟು ಸಲ ಪರೀಕ್ಷಿಸಿದ್ದರೂ ಈ ತಪ್ಪು ಕಾಣುತ್ತಿರಲಿಲ್ಲ.

ಪರೀಕ್ಷೆಯೇ ಹಳತಾಗುವ ಸಂದರ್ಭವೂ ಇದೆ. ಚನ್ನಗಿರಿ ಮತ್ತು ಹೊನ್ನಾಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಆ ವರ್ಷ ದಾವಣಗೆರೆ ಜಿಲ್ಲೆ ರಚನೆಯಾದಾಗ ಮೂರೂ ಅದಕ್ಕೆ ಸೇರಿದವು. ಮುಂದೆ ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ‘ಕತ್ತಲಗೆರೆಯ ಜಿಲ್ಲೆ ಶಿವಮೊಗ್ಗ’ ಎಂದು ಪ್ರತಿಪಾದಿಸುವ ಪರೀಕ್ಷೆಯನ್ನು 1996ರಲ್ಲಿ ಬರೆದಿದ್ದರೆ ಅದು ಆಗ ಸರಿ, ಮರುವರ್ಷ ತಪ್ಪು. ಕೆಂಪು ಪಟ್ಟಿ ಕಂಡೊಡನೆ ಕೋಡ್ ಅನ್ನು ತಿದ್ದಲು ಹೊರಡದೆ, ಎರಡರಲ್ಲಿ ಯಾವುದು ಲೋಕದ ಸ್ಥಿತಿಗೆ ಹೊಂದುತ್ತಿಲ್ಲ ಎಂದು ಮೊದಲು ನೋಡಬೇಕಾಗುತ್ತದೆ. ಹಳೆಯ ದಾಖಲೆಯನ್ನು ಹುಡುಕುವವರಿಗೆ ಹಳೆಯ ಜಿಲ್ಲೆಯ ಹೆಸರೂ ಬೇಕಾದ್ದರಿಂದ, ಇಂಥ ಕ್ಲಾಸ್ ಊರಿನ ಜೊತೆಗೆ ದಿನಾಂಕವನ್ನೂ ಕೇಳುವಂತಿರುವುದು ಲೇಸು.

ಪರೀಕ್ಷೆಗಳೇ ಇಲ್ಲದೆ ವರ್ಷಗಟ್ಟಲೆ ನಡೆದುಬಂದ ತಂತ್ರಾಂಶವನ್ನು ಬದಲಿಸಬೇಕಾದವರ ಕಷ್ಟ ಬೇರೆ ಬಗೆಯದು. ಮೈಕೇಲ್ ಫೆದರ್ಸ್ 2004ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಇಂಥಲ್ಲಿ ಸರಿಯಾದ ಉತ್ತರ ಯಾವುದೆಂಬ ಚರ್ಚೆಗೆ ಮುನ್ನ, ಈಗ ಬರುತ್ತಿರುವ ಉತ್ತರವನ್ನೇ ಪರೀಕ್ಷೆಯಾಗಿ ದಾಖಲಿಸಿಕೊಳ್ಳಬೇಕೆಂದು ಸೂಚಿಸಿದ್ದಾರೆ. ಹೀಗೆ ದಾಖಲಿಸುವಾಗ ಹಲವು ಹಳೆಯ ತಪ್ಪುಗಳೂ ‘ನಿರೀಕ್ಷಿತ ಉತ್ತರ’ಗಳ ಪಟ್ಟಿಗೆ ಸೇರುತ್ತವೆ. ಅವುಗಳಲ್ಲಿ ಕೆಲವನ್ನು ನಂಬಿ ಬೇರೆ ತಂತ್ರಾಂಶಗಳು ಕೆಲಸ ಮಾಡುತ್ತಿರುವುದೂ ಇರುವುದರಿಂದ, ಪ್ರತಿಯೊಂದನ್ನೂ ವಿಚಾರಿಸಿಯೇ ತಿದ್ದಬೇಕಾಗುತ್ತದೆ.